ಗಡಸು ನೀರು, ಮಳೆಗಾಲದ ತೇವ: ಅಡುಗೆಮನೆಗೆ ಯಾವ ಸಿಂಕು ಬಾಳಿಕೆ ಬರುತ್ತೆ?

ಹೊಸ_ಅಡುಗೆಮನೆ:
ನಮಸ್ಕಾರ ಎಲ್ರಿಗೂ. ಅಡುಗೆ ಕಟ್ಟೆಗೆ ಕಲ್ಲು ಹಾಸೋ ಹಂತಕ್ಕೆ ಬಂದಿದೀವಿ, ಸಿಂಕು ಯಾವ್ದು ಅಂತ ತೀರ್ಮಾನ ಆಗ್ತಿಲ್ಲ. ಪ್ಲಂಬರ್ ಸ್ಟೀಲ್ ಹಾಕ್ಸಿ ಅಂತಾರೆ, ಅಂಗಡಿಗೆ ಹೋದ್ರೆ ಗ್ರಾನೈಟ್ ಕಾಂಪೋಸಿಟ್ (ಕಲ್ಲಿನ ಪುಡಿಗೆ ರೆಸಿನ್ ಸೇರ್ಸಿ ಅಚ್ಚು ಹಾಕಿದ್ದು) ಬಿಟ್ಟು ಬೇರೇದು ತೋರಿಸೋದೇ ಇಲ್ಲ, ಮನೇಲಿ ಅತ್ತೆಯವರು ಕಲ್ಲಿನ ಸಿಂಕೇ ಗಟ್ಟಿ ಅಂತಾರೆ. ಎಲ್ಲರೂ ಹೇಳೋದು ಸರಿ ಅನ್ಸುತ್ತೆ, ಆದ್ರೆ ಯಾರೂ ನಮ್ಮ ನೀರು ಹೇಗಿದೆ ಅಂತ ಕೇಳ್ಲೇ ಇಲ್ಲ.

ನೀರು ಬೋರ್‌ವೆಲ್‌ದು. ಬಕೆಟ್ ಅಂಚಲ್ಲಿ, ನಲ್ಲಿ ಮೂತೀಲಿ ಬೆಳ್ಳಗೆ ಕಟ್ಕೊಳುತ್ತೆ, ಟಿಡಿಎಸ್ ಮೀಟರ್ ಇಟ್ರೆ 900ರ ಆಸುಪಾಸು ತೋರಿಸುತ್ತೆ. ಮಳೆಗಾಲದಲ್ಲಿ ಅಡುಗೆಮನೆ ಗೋಡೆ ಎಲ್ಲ ತೇವ, ಬೇಸಿಗೇಲಿ ಚೆಲ್ಲಿದ ನೀರು ನೋಡ್ತಾ ನೋಡ್ತಾನೇ ಆರಿಹೋಗುತ್ತೆ. ಸಮುದ್ರ ದೂರ ಇದೆ. ಇಂಥ ಕಡೆ ಯಾವುದು ಹಾಕ್ಸಿದ್ರೆ ಮತ್ತೆ ಕಟ್ಟೆ ಒಡೆಯೋ ಕೆಲಸ ಬರಲ್ಲ, ಗೊತ್ತಿರೋರು ಹೇಳಿ.

ಕಪ್ಪು_ಸಿಂಕು:
ನಮ್ಮನೇಲಿ ಕಾಂಪೋಸಿಟ್ ಇದೆ, ಕಪ್ಪು ಬಣ್ಣ. ಗಟ್ಟಿತನದ ಬಗ್ಗೆ ಒಂದು ಮಾತೂ ಆಡೋ ಹಾಗಿಲ್ಲ, ಪಾತ್ರೆ ಬಿದ್ರೆ ಸದ್ದು ಕಮ್ಮಿ, ತುಕ್ಕಿನ ಮಾತೇ ಇಲ್ಲ. ಆದ್ರೆ ನಿಮ್ಮ ಥರದ ನೀರೇ ನಮ್ದೂ, ಕಪ್ಪು ಮಾತ್ರ ತಗೋಬೇಡಿ. ಒಂದೊಂದು ಹನಿ ಆರಿದ ಜಾಗದಲ್ಲೂ ಒಂದೊಂದು ಬಿಳಿ ಉಂಗುರ ಉಳ್ಕೊಳುತ್ತೆ. ರಾತ್ರಿ ತೊಳೆದು ಮಲಗಿದ್ರೆ ಬೆಳಗ್ಗೆ ನೋಡೋ ಹೊತ್ತಿಗೆ ಬೂದಿ ಬಣ್ಣಕ್ಕೆ ತಿರುಗಿರುತ್ತೆ, ನಲ್ಲಿ ಬುಡದಲ್ಲಂತೂ ಸುಣ್ಣದ ದಿಂಡೇ ಕಟ್ಟಿರುತ್ತೆ. ವಿನೆಗರಲ್ಲಿ ಅದ್ದಿದ ಬಟ್ಟೆ ಅರ್ಧ ಗಂಟೆ ಹೊದಿಸಿಟ್ಟು, ಪ್ಲಾಸ್ಟಿಕ್ ಬ್ರಷ್ ಹಾಕಿ ಉಜ್ಜಿದ್ರೆ ಬಿಡುತ್ತೆ, ಆಮೇಲೆ ಮತ್ತೆ ಬರುತ್ತೆ. ಅದೇ ಮೆಟೀರಿಯಲ್ ತಿಳಿ ಬೂದು ಅಥವಾ ಮರಳು ಬಣ್ಣದಲ್ಲಿ ನಮ್ಮ ಅಕ್ಕನ ಮನೇಲಿದೆ, ಅಲ್ಲಿ ಅಷ್ಟೇ ಸುಣ್ಣ ಕೂತಿರುತ್ತೆ, ಕಣ್ಣಿಗೆ ಬೀಳಲ್ಲ ಅಷ್ಟೇ.

ನೀರು_ಲ್ಯಾಬ್:
ಮೊದ್ಲು ನೀರಿನ ರಿಪೋರ್ಟ್ ಮಾಡ್ಸಿ, ಆಮೇಲೆ ಸಿಂಕು ನೋಡೋಣ. ಟಿಡಿಎಸ್ 900 ಅಂದ್ರೆ ಕರಗಿರೋದು ಇಷ್ಟಿದೆ ಅಂತ ಗೊತ್ತಾಗುತ್ತೆ, ಏನು ಕರಗಿದೆ ಅಂತ ಗೊತ್ತಾಗಲ್ಲ. ಅದು ಬರೀ ಸುಣ್ಣ ಆಗಿದ್ರೆ ಸಿಂಕಿಗೆ ಹಾನಿ ಏನಿಲ್ಲ, ಉಜ್ಜೋ ಕೆಲಸ ಜಾಸ್ತಿ ಆಗುತ್ತೆ. ಅದರಲ್ಲಿ ಕ್ಲೋರೈಡ್ (ಉಪ್ಪಲ್ಲಿರೋ ಅಂಶ) ಪಾಲು ದೊಡ್ಡದಿದ್ರೆ ಸ್ಟೀಲಿಗೆ ತೊಂದರೆ. ಕಬ್ಬಿಣ ಇದ್ರೆ ಬಿಳಿ ಸಿಂಕಿಗೆ ತೊಂದರೆ. ಒಂದೇ ಟಿಡಿಎಸ್ ನಂಬರ್ ಇರೋ ಎರಡು ಬೋರ್‌ವೆಲ್ ನೀರಿಗೆ ಎರಡು ಬೇರೆ ಸಿಂಕು ಬೇಕಾಗಬಹುದು.

ಕೇಳಬೇಕಾದ್ದು ನಾಲ್ಕು: ಒಟ್ಟು ಗಡಸುತನ, ಕ್ಲೋರೈಡ್, ಕಬ್ಬಿಣ, ಪಿಎಚ್ (ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಅನ್ನೋ ಅಳತೆ). ಗಡಸುತನ ಲೀಟರಿಗೆ 60 ಮಿಲಿಗ್ರಾಂ ಒಳಗಿದ್ರೆ ಮೆದು ನೀರು, 120 ದಾಟಿದ್ರೆ ಗಡಸು, 180 ದಾಟಿದ್ರೆ ತುಂಬಾ ಗಡಸು ಅಂತ ಲೆಕ್ಕ. ಕಬ್ಬಿಣ 0.3 ಮಿಲಿಗ್ರಾಂ ದಾಟಿದ್ರೆ ಬಟ್ಟೆ, ಬೇಸಿನ್ ಎಲ್ಲದಕ್ಕೂ ಕಂದು ಕಲೆ ಹಿಡಿಯೋಕೆ ಶುರು, ಮ್ಯಾಂಗನೀಸ್ ಆದ್ರೆ 0.1 ಸಾಕು, ಅದು ಕಪ್ಪು ಕಲೆ. ಕ್ಲೋರೈಡ್ ಲೆಕ್ಕ ಸ್ಟೀಲಿನ ಗ್ರೇಡ್ ಜೊತೆ ಸೇರ್ಸಿ ನೋಡಬೇಕು, ಅದನ್ನ ಸ್ಟೀಲ್ ಕೆಲಸದೋರು ಯಾರಾದ್ರೂ ಬರೀತಾರೆ ಅನ್ಕೋತೀನಿ.

ಬಿಳಿ ಕಟ್ಟಿರೋ ಜಾಗಕ್ಕೆ ಒಂದು ಹನಿ ವಿನೆಗರ್ ಬಿಟ್ಟು ನೋಡಿ. ಸಣ್ಣಗೆ ನೊರೆ ಬಂದ್ರೆ ಅದು ಕ್ಯಾಲ್ಶಿಯಂ ಕಾರ್ಬೊನೇಟ್, ಮನೇಲೇ ತೆಗೀಬಹುದು. ನೊರೆ ಬರ್ದೆ ಹಾಗೇ ಕೂತಿದ್ರೆ ಅದರಲ್ಲಿ ಸಿಲಿಕಾ (ಮರಳಲ್ಲಿರೋ ಅಂಶ) ಇರಬಹುದು, ಅದು ವಿನೆಗರಿಗೆ ಬಗ್ಗಲ್ಲ, ಅಂಥ ನೀರಿರೋ ಕಡೆ ಕಪ್ಪು ಸಿಂಕು, ಮಿರಿಮಿರಿ ಪಾಲಿಶ್ ಎರಡೂ ಬೇಡ.

ವೆಲ್ಡಿಂಗ್_ಕೈ:
ಸ್ಟೀಲ್ ವಿಷಯ ನಾನು ಬರೀತೀನಿ, ಹೋಟೆಲ್ ಕಿಚನ್ ಸಿಂಕು, ಟೇಬಲ್ಲು ಮಾಡೋದೇ ನಮ್ಮ ಕೆಲಸ.

ಸ್ಟೀಲು ಅಂದ್ರೆ ಎಲ್ಲ ಒಂದೇ ಅಲ್ಲ. ಸ್ಟೇನ್‌ಲೆಸ್ ಅನ್ನಿಸ್ಕೋಬೇಕಾದ್ರೆ ಕನಿಷ್ಠ 10.5% ಕ್ರೋಮಿಯಂ ಇರಬೇಕು. ಆ ಕ್ರೋಮಿಯಂ ಗಾಳೀಲಿರೋ ಆಮ್ಲಜನಕದ ಜೊತೆ ಸೇರಿ ಮೇಲೆ ಕಣ್ಣಿಗೆ ಕಾಣದಷ್ಟು ತೆಳ್ಳಗಿನ ಪದರ ಕಟ್ಕೊಳುತ್ತೆ, ಗೀರು ಬಿದ್ರೂ ಗಾಯಕ್ಕೆ ಹಕ್ಕಳೆ ಕಟ್ಟಿದ ಹಾಗೆ ತಾನೇ ಮತ್ತೆ ಕಟ್ಕೊಳುತ್ತೆ. ಕ್ಲೋರೈಡ್ ಆ ಪದರಾನ ಅಲ್ಲಲ್ಲಿ ಚುಚ್ಚಿ ಹರಿಯುತ್ತೆ, ಒಮ್ಮೆ ಹರಿದ ಜಾಗದೊಳಗೆ ಆಮ್ಲ ಸೇರ್ಕೊಂಡು ಮತ್ತೆ ಪದರ ಕಟ್ಟೋಕೆ ಬಿಡಲ್ಲ, ಕೊರೀತಾ ಹೋಗುತ್ತೆ. ಪಿಟ್ಟಿಂಗ್ ಅನ್ನೋದು ಇದನ್ನೇ.

ಅಂಗಡೀಲಿ ಸಿಗೋದು ಮುಖ್ಯವಾಗಿ ಮೂರು. 304 ಅಂದ್ರೆ ಸುಮಾರು 18% ಕ್ರೋಮಿಯಂ, 8% ನಿಕಲ್, ಹಳಬರು 18/8 ಅಂತಿದ್ದದ್ದು ಇದನ್ನೇ. 316ರಲ್ಲಿ ನಿಕಲ್ ಇನ್ನೂ ಜಾಸ್ತಿ, ಜೊತೆಗೆ 2ರಿಂದ 3% ಮಾಲಿಬ್ಡಿನಂ, ಉಪ್ಪಿನ ಎದುರು ತಡೆಯೋ ಶಕ್ತಿ ಬರೋದು ಅದರಿಂದ. 202, 201 ಇವೆಲ್ಲ ನಿಕಲ್ ಕಮ್ಮಿ ಮಾಡಿ ಅದರ ಬದಲಿಗೆ ಮ್ಯಾಂಗನೀಸ್ ತುಂಬಿರೋ ಸ್ಟೀಲು, ನೋಡೋಕೆ ಒಂಚೂರೂ ವ್ಯತ್ಯಾಸ ಇಲ್ಲ, ಸವಳು ನೀರು ಬಿದ್ರೆ ಬೇಗ ಚುಕ್ಕೆ ಏಳುತ್ತೆ. ಮ್ಯಾಗ್ನೆಟ್ ಅಂಟಲ್ಲ ನೋಡಿ ಇದು 304 ಅಂತ ತೋರಿಸ್ತಾರಲ್ಲ, ಅದನ್ನ ನಂಬಬೇಡಿ, 202ಕ್ಕೂ ಮ್ಯಾಗ್ನೆಟ್ ಅಂಟಲ್ಲ. ಅಸಲಿ 304 ಆದ್ರೂ ಮಡಿಸಿದ, ಎಳೆದ ಮೂಲೆಗಳಲ್ಲಿ ಮ್ಯಾಗ್ನೆಟ್ ಸ್ವಲ್ಪ ಹಿಡಿಯುತ್ತೆ, ಅದಕ್ಕೇ ಒಳ್ಳೇ ಸಿಂಕನ್ನ ನಕಲಿ ಅಂದು ವಾಪಸ್ ಮಾಡೋರೂ ಇದಾರೆ. ಬಿಲ್ಲಲ್ಲಿ ಗ್ರೇಡ್ ಬರೆಸ್ಕೊಳ್ಳಿ, ಆಗದಿದ್ರೆ ಗ್ರೇಡ್ ಪರೀಕ್ಷೆ ದ್ರಾವಣ ಸಿಗುತ್ತೆ, ತಳಭಾಗದಲ್ಲಿ ಕಾಣದ ಕಡೆ ಒಂದು ಹನಿ ಹಾಕಿದ್ರೆ ಮ್ಯಾಂಗನೀಸ್ ಜಾಸ್ತಿ ಇರೋದು ಬಣ್ಣದಲ್ಲಿ ಗೊತ್ತಾಗುತ್ತೆ.

ಕ್ಲೋರೈಡ್ ಲೆಕ್ಕ ಅಂದ್ರಲ್ಲ, ತಣ್ಣೀರಿಗೆ ನಾವು ಹಿಡಿಯೋ ಅಂದಾಜು ಲೀಟರಿಗೆ 200 ಮಿಲಿಗ್ರಾಂವರೆಗೆ 304, 1000ದವರೆಗೆ 316. ನೀರು ಬಿಸಿ ಆದಷ್ಟೂ ಈ ಮಿತಿ ಕೆಳಗಿಳಿಯುತ್ತೆ.

ಉಪ್ಪುಗಾಳಿ:
ನಾವಿರೋದು ಸಮುದ್ರದ ಪಕ್ಕ, ನಮ್ಮ ಅನುಭವ ನಿಮಗೆ ನೇರ ಉಪಯೋಗಕ್ಕೆ ಬರದಿದ್ರೂ ಓದೋರಿಗೆ ಬೇಕಾಗುತ್ತೆ ಅಂತ ಬರೀತಿದೀನಿ. ಇಲ್ಲಿ ನಲ್ಲಿ ನೀರು ಸಿಹಿ, ಏನೂ ದೋಷ ಇಲ್ಲ. ಗಾಳೀಲೇ ಉಪ್ಪು ಬರೋದು. ಸಿಂಕಿನ ಒಳಗಡೆ ದಿನಾ ನೀರು ಹರಿಯುತ್ತಲ್ಲ, ಅಲ್ಲಿ ಏನೂ ಆಗಲ್ಲ. ಕಿಟಕಿ ಕಡೆಗಿರೋ ಅಂಚು, ಪಾತ್ರೆ ಬೋರಲು ಹಾಕೋ ಗೀರುಗೀರಿನ ಹಲಗೆ, ಸಿಂಕಿನ ಕೆಳಗಿನ ಕ್ಲಿಪ್ಪುಗಳು, ಇಲ್ಲೆಲ್ಲ ಟೀ ಚೆಲ್ಲಿದ ಬಣ್ಣದ ಮಂಕು ಕಲೆ ಬರುತ್ತೆ. ಒರಟು ಫಿನಿಶ್ ಇದ್ದಷ್ಟೂ ಉಪ್ಪು ಸಿಕ್ಕಿಕೊಂಡು ಬೇಗ ಬರುತ್ತೆ. ಇಂಥ ಕಡೆ ಇರೋರು 316 ತಗೊಳ್ಳಿ, ಇಲ್ಲಾಂದ್ರೆ ಕಾಂಪೋಸಿಟ್. ಇದ್ರ ಮೇಲೆ ಇನ್ನೊಂದು, ನೀರು ಬೀಳದ ಜಾಗಾನೂ ಸೇರ್ಸಿ ಸಿಹಿನೀರಲ್ಲಿ ಒರೆಸಬೇಕು, ಬರೀ ಒಳಗಡೆ ಉಜ್ಜಿದ್ರೆ ಪ್ರಯೋಜನ ಇಲ್ಲ.

ಕಲ್ಲು_ಕೆಲಸ:
ಅತ್ತೆಯವರು ಹೇಳಿದ್ದು ತೆಗೆದುಹಾಕೋ ಮಾತಲ್ಲ, ಆದ್ರೆ ಯಾವ ಕಲ್ಲು ಅಂತ ಕೇಳಿ. ನಿಜವಾದ ಗ್ರಾನೈಟ್ ಆದ್ರೆ ಹುಳಿ, ಉಪ್ಪು, ಬಿಸಿ ಯಾವುದಕ್ಕೂ ಜಗ್ಗಲ್ಲ. ಆದ್ರೆ ಕಟ್ಟೆಗೆ, ಸಿಂಕಿಗೆ ಹಾಕೋ ಎಷ್ಟೋ ಕಪ್ಪು ಕಲ್ಲು ಸುಣ್ಣದಕಲ್ಲಿನ ಜಾತಿ, ಅಮೃತಶಿಲೆನೂ ಅದೇ ಜಾತಿ. ಅದಕ್ಕೆ ಹುಳಿ ಬಿದ್ರೆ ಮೇಲಿನ ಹೊಳಪು ತಿಂದುಹಾಕುತ್ತೆ, ಒರಟಾದ ಜಾಗದಲ್ಲಿ ಜಿಡ್ಡು ಕೂರುತ್ತೆ. ನಿಮ್ಮ ಗಡಸು ನೀರಿನ ಬಿಳಿ ತೆಗೆಯೋಕೆ ವಿನೆಗರ್ ಹಾಕಲೇಬೇಕಲ್ಲ, ಅದೇ ವಿನೆಗರ್ ಆ ಕಲ್ಲನ್ನೂ ಕರಗಿಸುತ್ತೆ, ಎರಡೂ ಕ್ಯಾಲ್ಶಿಯಂ ಕಾರ್ಬೊನೇಟೇ. ಹಾಗಾಗಿ ಗಡಸು ನೀರಿರೋ ಕಡೆ ಸುಣ್ಣದಕಲ್ಲಿನ ಸಿಂಕು ನಾನಂತೂ ಮಾಡ್ಕೊಡಲ್ಲ.

ಹಲಗೆ ಜೋಡ್ಸಿ ಮಾಡೋ ಕಲ್ಲಿನ ಸಿಂಕಲ್ಲಿ ಇನ್ನೊಂದು ತೊಂದರೆ ಸಂದು. ಐದು ತುಂಡು ಸೇರ್ಸಿ ಎಪಾಕ್ಸಿ ಅಂಟು ಹಾಕಿರ್ತೀವಿ, ಮಳೆಗಾಲದ ತೇವ, ಬೇಸಿಗೆ ಕಾವು ಎರಡೂ ಜೋರಿರೋ ಕಡೆ ವರ್ಷಗಳು ಕಳೆದ ಹಾಗೆ ಆ ಸಂದಿಯಿಂದಲೇ ಜಿನುಗೋದು ಶುರು ಆಗೋದು. ಗ್ರಾನೈಟೇ ಬೇಕು ಅಂದ್ರೆ ಒಂದೇ ಬಂಡೆ ಕೊರೆದು ಮಾಡಿದ್ದು ತಗೊಳ್ಳಿ, ಆದ್ರೆ ಅದರ ಭಾರಕ್ಕೆ ಕೆಳಗೆ ಗೋಡೆ ಕಟ್ಟಿಸ್ಬೇಕಾಗುತ್ತೆ.

ಮಳೆಯೂರು:
ಎಲ್ರೂ ಗಡಸು ನೀರಿನ ಬಗ್ಗೆನೇ ಬರೀತಿದೀರ, ನಮ್ಮ ಕಡೆ ಅದಕ್ಕೆ ತದ್ವಿರುದ್ಧ. ಮಳೆ ಜಾಸ್ತಿ, ನೀರು ಮೆದು, ಸೋಪು ಹಾಕಿದ್ರೆ ನೊರೆ ಹೋಗೋದೇ ಇಲ್ಲ. ಕಪ್ಪು ಕಾಂಪೋಸಿಟ್ ನಮ್ಮನೇಲಿ ಹೊಸದರ ಹಾಗೇ ಇದೆ, ಬಿಳಿ ಅನ್ನೋದು ಕಂಡೇ ಇಲ್ಲ. ನಮ್ಮ ಕಷ್ಟ ಕಬ್ಬಿಣ. ಬಾವಿಯಿಂದ ಸೇದಿದ ನೀರು ಲೋಟದಲ್ಲಿ ತಿಳಿಯಾಗಿರುತ್ತೆ, ಬಿಳಿ ಬಟ್ಟಲಲ್ಲಿ ಹಾಕಿ ಒಂದು ರಾತ್ರಿ ಇಟ್ರೆ ಬೆಳಗ್ಗೆ ತಳದಲ್ಲಿ ಕಂದು ಗಸಿ. ಮೊದಲಿದ್ದ ಬಿಳಿ ಪಿಂಗಾಣಿ ಸಿಂಕಲ್ಲಿ ನೀರು ಬೀಳೋ ಜಾಗದಿಂದ ತೂತಿನವರೆಗೆ ಕಿತ್ತಳೆ ಬಣ್ಣದ ಪಟ್ಟೆ ಎಳೆದ ಹಾಗಿತ್ತು.

ಆ ಕಲೆಗೆ ಬ್ಲೀಚ್ ಹಾಕ್ಬೇಡಿ, ದಯವಿಟ್ಟು. ಬ್ಲೀಚ್ ಕಬ್ಬಿಣದ ಕಲೇನ ಇನ್ನೂ ಗಟ್ಟಿ ಮಾಡುತ್ತೆ. ಸಿಟ್ರಿಕ್ ಆಸಿಡ್ ಪುಡಿ ಬಿಸಿನೀರಲ್ಲಿ ಕಲಸಿ ಹಚ್ಚಿ ಬಿಟ್ರೆ ಕರಗಿ ಬರುತ್ತೆ.

ಹೊಸ_ಅಡುಗೆಮನೆ:
ಇಷ್ಟು ವಿವರವಾಗಿ ಯಾರೂ ಹೇಳಿರ್ಲಿಲ್ಲ, ತುಂಬಾ ಥ್ಯಾಂಕ್ಸ್. ವಿನೆಗರ್ ಹಾಕಿ ನೋಡ್ದೆ, ನಲ್ಲಿ ಮೂತಿ ಹತ್ರ ಚೆನ್ನಾಗಿ ನೊರೆ ಬಂತು. ನೀರು ಕೊಟ್ಟಿದೀನಿ ಪರೀಕ್ಷೆಗೆ. ಅಷ್ಟರಲ್ಲಿ ಒಂದು ಕೇಳಬೇಕಿತ್ತು, ಫೈರ್‌ಕ್ಲೇ ಅಂತ ದಪ್ಪ ಬಿಳಿ ಸಿಂಕು ಬರುತ್ತಲ್ಲ, ಅದು ಹೇಗೆ? ಮತ್ತೆ ಈಗ ಕಪ್ಪು, ಬಂಗಾರದ ಬಣ್ಣದ ಸ್ಟೀಲ್ ಸಿಂಕು ನ್ಯಾನೋ ಕೋಟಿಂಗ್ ಅಂತ ಎಲ್ಲಾ ಕಡೆ ತೋರಿಸ್ತಿದಾರೆ.

ಪೈಪು_ಫಿಟ್ಟಿಂಗ್:
ಫೈರ್‌ಕ್ಲೇ ಅಂದ್ರೆ ಜೇಡಿಮಣ್ಣನ್ನ ಸುಮಾರು 1200 ಡಿಗ್ರೀಲಿ ಸುಟ್ಟು ಮೇಲೆ ಗಾಜಿನಂಥ ಗ್ಲೇಜ್ ಕೂರಿಸಿರೋದು. ಕ್ಲೋರೈಡ್, ಉಪ್ಪುಗಾಳಿ, ತೇವ ಯಾವುದೂ ಅದನ್ನ ಮುಟ್ಟಲ್ಲ, ಸುಣ್ಣ ಕಟ್ಟಿದ್ರೂ ಬಿಳೀಲಿ ಬಿಳಿ ಕಾಣಲ್ಲ, ವಿನೆಗರಿಗೂ ಹೆದರಲ್ಲ. ನೀರಲ್ಲಿ ಕಬ್ಬಿಣ ಇಲ್ಲದಿದ್ರೆ ಗಡಸು ನೀರಿಗೆ ಒಳ್ಳೇದೇ. ಭಾರ ಜಾಸ್ತಿ, ದಪ್ಪ ಪಾತ್ರೆ ಕೈಜಾರಿ ಬಿದ್ರೆ ಸಿಂಕಿಂದ ಚಕ್ಕೆ ಏಳುತ್ತೆ ಇಲ್ಲಾ ಪಾತ್ರೆ ನಗ್ಗುತ್ತೆ, ಸ್ಟೀಲು ಅಲ್ಯೂಮಿನಿಯಂ ಪಾತ್ರೆ ಎಳೆದಾಡಿದ್ರೆ ಪೆನ್ಸಿಲ್ ಗೆರೆ ಥರ ಬೂದು ಗೆರೆ ಬೀಳುತ್ತೆ. ತುಂಬಾ ಚಳಿ ಇರೋ ಊರಲ್ಲಿ ತಣ್ಣಗೆ ಕೊರೀತಿರೋ ಸಿಂಕಿಗೆ ಕುದಿಯೋ ನೀರು ಒಮ್ಮೆಲೇ ಸುರಿದ್ರೆ ಗ್ಲೇಜಲ್ಲಿ ಕೂದಲೆಳೆ ಬಿರುಕು ಬರಬಹುದು. ಕುದಿನೀರು ಬಗ್ಗಿಸುವಾಗ ತಣ್ಣೀರು ನಲ್ಲಿ ಬಿಟ್ಟಿರಿ, ಯಾವ ಸಿಂಕೇ ಆಗಲಿ, ಕೆಳಗಿನ ಪಿವಿಸಿ ಪೈಪಿಗೂ ಅದು ಒಳ್ಳೇದು.

ಎರಕದ ಕಬ್ಬಿಣಕ್ಕೆ ಎನಾಮೆಲ್ ಹಾಕಿರೋದು ಬೇರೆ, ನೋಡೋಕೆ ಒಂದೇ ಥರ. ಅದರಲ್ಲಿ ಚಕ್ಕೆ ಎದ್ದ ಜಾಗದಲ್ಲಿ ಕಬ್ಬಿಣ ಬಯಲಾಗುತ್ತೆ, ತೇವ ಇರೋ ಕಡೆ ಅಲ್ಲಿಂದ ತುಕ್ಕು ಎನಾಮೆಲ್ ಕೆಳಗೇ ಹಬ್ಬುತ್ತೆ.

ಕೋಟಿಂಗ್ ಸಿಂಕಿನ ಬಗ್ಗೆ ವೆಲ್ಡಿಂಗ್ ಅಣ್ಣನೇ ಹೇಳಲಿ.

ವೆಲ್ಡಿಂಗ್_ಕೈ:
ಕೋಟಿಂಗ್ ಅನ್ನೋದು ಬಣ್ಣ ಅಷ್ಟೇ, ಒಳಗಿನ ಸ್ಟೀಲು ಯಾವ್ದು ಅನ್ನೋದೇ ಮುಖ್ಯ. 201ರ ಮೇಲೆ ಕಪ್ಪು ಕೋಟಿಂಗ್ ಹೊಡೆದ್ರೆ ಅದು 304 ಆಗಲ್ಲ. ಪಿವಿಡಿ ಅಂತ ನಿರ್ವಾತದಲ್ಲಿ ಕೂರಿಸೋ ಪದರ ಗಟ್ಟಿ ಇರುತ್ತೆ, ಬರೀ ಪೇಂಟ್ ಥರ ಬಳಿದಿರೋದು ಉಜ್ಜಿದ್ರೆ ಏಳುತ್ತೆ. ಗಡಸು ನೀರಿನ ಮನೇಲಿ ಉಜ್ಜದೇ ಇರೋಕಾಗಲ್ಲವಲ್ಲ. ಕಪ್ಪು ಬೇಡ ಅಂತ ಮೇಲೆ ಹೇಳಿದ್ದೇ ಇದಕ್ಕೂ.

ಗೇಜ್ ಬಗ್ಗೆ: ನಂಬರ್ ಚಿಕ್ಕದಾದಷ್ಟೂ ತಗಡು ದಪ್ಪ. 18 ಗೇಜ್ ಅಂದ್ರೆ ಸುಮಾರು 1.2 ಮಿಲಿಮೀಟರ್, ಮನೆಗೆ ಅದು ಸಾಕು. 22 ಗೇಜಿಂದು ಕೈಲಿ ಒತ್ತಿದ್ರೇ ಬಗ್ಗುತ್ತೆ. ಆದ್ರೆ ದಪ್ಪ ಇದ್ದ ಮಾತ್ರಕ್ಕೆ ತುಕ್ಕು ತಡೆಯುತ್ತೆ ಅನ್ಕೋಬೇಡಿ, ದಪ್ಪ ಬಂದು ಸದ್ದಿಗೆ, ನಗ್ಗದೇ ಇರೋಕೆ. ತುಕ್ಕಿಗೆ ಗ್ರೇಡು.

ಮೂಲೆ ವೆಲ್ಡ್ ಮಾಡಿರೋ ಚೌಕ ಸಿಂಕು ನೋಡುವಾಗ ಮೂಲೆಗೆ ಬೆರಳಾಡಿಸಿ ನೋಡಿ. ವೆಲ್ಡ್ ಸರಿಯಾಗಿ ತಿಕ್ಕಿ ನಯ ಮಾಡಿಲ್ಲ ಅಂದ್ರೆ, ನೀಲಿ ಕಂದು ಕಾವಿನ ಬಣ್ಣ ಉಳಿದಿದ್ರೆ, ಮೊದಲ ಚುಕ್ಕೆ ಏಳೋದು ಅಲ್ಲೇ. ತೀರಾ ಚೂಪು ಮೂಲೆಗಿಂತ ಸ್ವಲ್ಪ ದುಂಡಗಿರೋದು ವಾಸಿ, ಬ್ರಷ್ ಹೋಗುತ್ತೆ, ಸುಣ್ಣ ನಿಲ್ಲಲ್ಲ.

ಹೊಸ_ಅಡುಗೆಮನೆ:
ರಿಪೋರ್ಟ್ ಬಂತು. ಒಟ್ಟು ಗಡಸುತನ 460, ಕ್ಲೋರೈಡ್ 240, ಕಬ್ಬಿಣ 0.1, ಪಿಎಚ್ 7.6. ಕ್ಲೋರೈಡ್ 200 ದಾಟಿದೆ, ಅಂದ್ರೆ 304 ಆಗಲ್ವಾ? 316 ಇಲ್ಲಿ ಯಾರೂ ಇಟ್ಟಿಲ್ಲ, ತರಿಸಿಕೊಡ್ತೀವಿ ಅಂತಿದಾರೆ. ಸಾಫ್ಟನರ್ ಹಾಕಿದ್ರೆ ಎಲ್ಲ ಸರಿಹೋಗುತ್ತಾ?

ನೀರು_ಲ್ಯಾಬ್:
ಸಾಫ್ಟನರ್ ಕ್ಯಾಲ್ಶಿಯಂ, ಮೆಗ್ನೀಶಿಯಂ ತೆಗೆದು ಅದರ ಜಾಗಕ್ಕೆ ಸೋಡಿಯಂ ಬಿಡುತ್ತೆ, ಬಿಳಿ ಕಟ್ಟೋದು ನಿಲ್ಲುತ್ತೆ. ಕ್ಲೋರೈಡ್ ಹಾಗೇ ಇರುತ್ತೆ, 240 ಇದ್ದದ್ದು 240ನೇ. ಸುಣ್ಣದ ಕಾಟಕ್ಕೆ ಬೇಕಾದ್ರೆ ಹಾಕಿಸ್ಕೊಳ್ಳಿ, ಸ್ಟೀಲು ಉಳಿಸೋಕೆ ಅಂತ ಹಾಕಿಸ್ಬೇಡಿ.

ಕಬ್ಬಿಣ ಕಮ್ಮಿ ಇದೆ, ಹಾಗಾಗಿ ಬಿಳಿ, ತಿಳಿ ಬಣ್ಣ ಎಲ್ಲ ನಿಮಗೆ ಸಲ್ಲುತ್ತೆ. ನನ್ನ ಕೇಳಿದ್ರೆ ತಿಳಿ ಬೂದು ಕಾಂಪೋಸಿಟ್. ಅದರಲ್ಲಿ ಸುಮಾರು 80% ಕಲ್ಲಿನ ಪುಡಿ, ಉಳಿದದ್ದು ಅಕ್ರಿಲಿಕ್ ರೆಸಿನ್, ಕ್ಲೋರೈಡಿಗೂ ಅದಕ್ಕೂ ಸಂಬಂಧವೇ ಇಲ್ಲ. 304 ಹಾಕಿದ್ರೆ 240 ಅನ್ನೋದು ಹರಿಯೋ ನೀರಿನ ಲೆಕ್ಕ, ಸಿಂಕಲ್ಲಿ ನಿಂತ ಹನಿ ಆರ್ತಾ ಆರ್ತಾ ಕ್ಲೋರೈಡ್ ಮಂದ ಆಗ್ತಾ ಹೋಗುತ್ತೆ, ಕೊನೇ ಹನೀಲಿ ಅದು ಎಷ್ಟೋ ಪಟ್ಟು ಇರುತ್ತೆ. ನಿಮ್ಮ ಕಡೆ ಬೇಸಿಗೆ ಒಣ ಅಂದ್ರಲ್ಲ, ಅದು ಇದನ್ನ ಇನ್ನೂ ಬೇಗ ಮಾಡುತ್ತೆ.

ವೆಲ್ಡಿಂಗ್_ಕೈ:
ಲ್ಯಾಬ್ ಸರ್ ಹೇಳಿದ್ದು ಪುಸ್ತಕದ ಪ್ರಕಾರ ಸರಿ, ಆದ್ರೆ ನಾನು ಒಪ್ಪಲ್ಲ. 200 ಅನ್ನೋ ಮಿತಿ ಟ್ಯಾಂಕು, ಪೈಪು ಇಂಥ ಸದಾ ನೀರಲ್ಲೇ ಮುಳುಗಿರೋ ಸಾಮಾನಿಗೆ, ಅಲ್ಲಿ ಕೈ ಹಾಕಿ ಒರೆಸೋಕಾಗಲ್ಲ. ಸಿಂಕು ದಿನಕ್ಕೆ ಎಷ್ಟು ಸಲ ತೊಳೀತೀವಿ, ಎಷ್ಟು ಹೊತ್ತು ಒಣಗಿರುತ್ತೆ ನೋಡಿ. 240ಕ್ಕೆ ಅಸಲಿ 304 ಧಾರಾಳವಾಗಿ ಬಾಳುತ್ತೆ, ಷರತ್ತು ಏನಂದ್ರೆ ತಳಕ್ಕೆ ಇಳಿಜಾರು ಸರಿ ಇರಬೇಕು, ಯಾವ ಮೂಲೇಲೂ ನೀರು ನಿಲ್ಲಬಾರದು. ಅಂಗಡೀಲೇ ಒಂದು ಲೋಟ ನೀರು ಸುರಿದು ನೋಡಿ. ತೂತಿನ ಕಡೆ ಪೂರಾ ಹರಿದು ಹೋಗ್ಬೇಕು, ನಡುವೆ ಕೊಳ ನಿಂತ್ರೆ ಅದನ್ನ ಬಿಡಿ.

ಚುಕ್ಕೆ ಬಂದಿದೆ ಅಂತ ನಮ್ಮ ಹತ್ರ ತರೋ ಸಿಂಕುಗಳಲ್ಲಿ ನೀರಿಂದ ಕೆಟ್ಟಿದ್ದಕ್ಕಿಂತ ಬೇರೆ ಕಾರಣಕ್ಕೆ ಕೆಟ್ಟಿರೋದೇ ಜಾಸ್ತಿ. ಟಾಯ್ಲೆಟ್ ತೊಳೆಯೋ ಆಸಿಡ್ಡಲ್ಲಿ ಹೈಡ್ರೋಕ್ಲೋರಿಕ್ ಇರುತ್ತೆ, ಅದನ್ನ ಸಿಂಕಿಗೆ ಹಾಕಿದ್ರೆ ಯಾವ ಸ್ಟೀಲೂ ಉಳಿಯಲ್ಲ, ಮುಚ್ಚಳ ತೆಗೆದ ಬಾಟ್ಲಿ ಸಿಂಕಿನ ಕೆಳಗಿಟ್ರೆ ಆವಿಗೇ ತಳ ಮಂಕಾಗುತ್ತೆ. ಬ್ಲೀಚಲ್ಲಿ ಬಟ್ಟೆ ನೆನೆಸಿ ರಾತ್ರಿಯೆಲ್ಲ ಸಿಂಕಲ್ಲಿ ಇಡೋದು, ಒದ್ದೆ ರಬ್ಬರ್ ಮ್ಯಾಟ್ ಎತ್ತದೇ ಬಿಡೋದು, ಉಪ್ಪು ಬಿದ್ದದ್ದು ಹಾಗೇ ಬಿಡೋದು, ಇವೆಲ್ಲ ಅದೇ ಸಾಲು.

ಇನ್ನು ಕಬ್ಬಿಣದ ನಾರಲ್ಲಿ ಉಜ್ಜಿದ್ರೆ ಅದರ ಚೂರು ಸಿಂಕಿನ ಗೀರಲ್ಲಿ ಸಿಕ್ಕಿಕೊಂಡು ತುಕ್ಕು ಹಿಡಿಯುತ್ತೆ. ನೋಡಿದೋರು ಸಿಂಕೇ ತುಕ್ಕು ಹಿಡೀತು ಅನ್ಕೋತಾರೆ. ಗುರುತು ಹಿಡಿಯೋದು ಸುಲಭ, ಸಿಟ್ರಿಕ್ ಆಸಿಡ್ ಹಾಕಿ ಮೆದು ಸ್ಪಂಜಲ್ಲಿ ಗೆರೆ ಹೋದ ದಿಕ್ಕಲ್ಲೇ ಉಜ್ಜಿ. ಕಂದು ಬಣ್ಣ ಹೋಗಿ ಕೆಳಗೆ ಸ್ಟೀಲು ನಯವಾಗಿದ್ರೆ ಅದು ಹೊರಗಿಂದ ಬಂದ ತುಕ್ಕು. ಬಣ್ಣ ಹೋದ್ಮೇಲೂ ಗುಂಡುಸೂಜಿ ಮೊನೆಯಷ್ಟು ಕಪ್ಪು ಕುಳಿ ಉಳಿದು, ಉಗುರು ಆಡಿಸಿದ್ರೆ ತಡೆದ್ರೆ, ಅದು ಪಿಟ್ಟಿಂಗ್, ಅದನ್ನ ಯಾವ ಪೌಡರೂ ತುಂಬಲ್ಲ.

ಪೈಪು_ಫಿಟ್ಟಿಂಗ್:
ಇಬ್ರೂ ಒಂದು ಮರ್ತಿದೀರ. ಆರ್‌ಓ ಫಿಲ್ಟರ್ ಇದೆಯಾ ನಿಮ್ಮನೇಲಿ? ಅದರಿಂದ ಬಿಡೋ ವೇಸ್ಟ್ ನೀರಿನ ಸಣ್ಣ ಪೈಪನ್ನ ಸಿಂಕಿನ ಅಂಚಿಗೆ ಸಿಕ್ಕಿಸಿ ಬಿಟ್ಟಿರ್ತಾರೆ, ಅರ್ಧಕ್ಕರ್ಧ ಮನೇಲಿ ಹೀಗೇ. ಫಿಲ್ಟರ್ ತಡೆದ ಉಪ್ಪೆಲ್ಲ ಇರೋದು ಆ ನೀರಲ್ಲೇ. ಬಂದ ನೀರಲ್ಲಿ ಅರ್ಧ ಕುಡಿಯೋಕೆ, ಅರ್ಧ ಹೊರಗೆ ಹೋಗುತ್ತೆ ಅಂದ್ರೆ ನಿಮ್ಮ 240 ಅಲ್ಲಿ ಹತ್ತಿರ ಹತ್ತಿರ 480 ಆಗಿರುತ್ತೆ, ಅದೂ ಒಂದೇ ಜಾಗಕ್ಕೆ ಗಂಟೆಗಟ್ಲೆ ತೊಟ್ಟಿಕ್ಕುತ್ತೆ. ಪೈಪ್ ಬಾಯಿಂದ ತೂತಿನವರೆಗೆ ಒಂದು ಬಿಳಿ ದಾರಿ ಬಿದ್ದಿರುತ್ತೆ, ಅದರ ಅಂಚಲ್ಲೇ ಚುಕ್ಕೆಗಳು. ಆ ಪೈಪನ್ನ ಸಿಂಕಿನ ಒಳಗೆ ಬಿಡದೇ ಕೆಳಗಿನ ಡ್ರೈನ್ ಪೈಪಿಗೆ ಕ್ಲ್ಯಾಂಪ್ ಹಾಕಿ ಸೇರಿಸಿ, ಇಲ್ಲಾ ಒಂದು ಡ್ರಮ್ಮಿಗೆ ಬಿಟ್ಟು ನೆಲ ಒರೆಸೋಕೆ ಬಳಸಿ. ಇದೊಂದು ಮಾಡಿದ್ರೆ 304 ಮೇಲಿನ ಅರ್ಧ ಚಿಂತೆ ಹೋಯ್ತು.

ನೀರು_ಲ್ಯಾಬ್:
ಒಳ್ಳೇ ಮಾತು ಸರ್, ಅದು ನನಗೆ ಹೊಳೆದಿರಲಿಲ್ಲ. ಆರ್‌ಓ ನೀರು ಬೀಳಲ್ಲ, ರಾತ್ರಿ ಒಮ್ಮೆ ಒರೆಸ್ತಾರೆ ಅಂದ್ರೆ 240ಕ್ಕೆ 304 ನಾನೂ ಒಪ್ತೀನಿ. 400, 500 ಇದ್ದಿದ್ರೆ ಒಪ್ತಿರಲಿಲ್ಲ. ಬೋರ್‌ವೆಲ್ ನೀರು ಬೇಸಿಗೇಲಿ ಬದಲಾಗುತ್ತೆ, ಆಗಲೂ ಒಮ್ಮೆ ಕ್ಲೋರೈಡ್ ಮಾತ್ರ ನೋಡಿಸ್ಕೊಳ್ಳಿ.

ಮಳೆಯೂರು:
ತೇವದ ವಿಷಯ ಯಾರೂ ಪೂರ್ತಿ ಹೇಳ್ಲಿಲ್ಲ. ಮಳೆಗಾಲದಲ್ಲಿ ಗೋಡೆ ತೇವ ಅಂದಿದಾರಲ್ಲ, ಸ್ಟೀಲ್ ಸಿಂಕು ಹಾಕಿದ್ರೆ ತಳ ಬೆವರುತ್ತೆ. ತಣ್ಣೀರು ಹರೀತಿದ್ದ ಹಾಗೆ ತೆಳು ತಗಡು ತಣ್ಣಗಾಗಿ, ಕಪಾಟಿನೊಳಗಿನ ಹಸಿ ಗಾಳಿ ಅದರ ತಳಕ್ಕೆ ಹನಿಗಟ್ಟುತ್ತೆ, ತೊಟ್ಟಿಕ್ಕಿ ಪ್ಲೈವುಡ್ ಉಬ್ಬುತ್ತೆ, ಬೂಸ್ಟು ಹಿಡಿಯುತ್ತೆ. ಎಲ್ರೂ ಪೈಪ್ ಸೋರ್ತಿದೆ ಅಂತ ಪ್ಲಂಬರ್ ಕರೀತಾರೆ, ಪೈಪ್ ಒಣಗಿರುತ್ತೆ. ತಳಕ್ಕೆ ದಪ್ಪ ಕೋಟಿಂಗ್ ಬಳಿದು ರಬ್ಬರ್ ಪ್ಯಾಡ್ ಅಂಟಿಸಿರೋ ಸಿಂಕು ತಗೊಳ್ಳಿ, ಸದ್ದಿಗೆ ಅಂತ ಮಾರ್ತಾರೆ, ಬೆವರೋದಕ್ಕೂ ಅದೇ ಮದ್ದು. ಕಾಂಪೋಸಿಟ್, ಫೈರ್‌ಕ್ಲೇಗಳಲ್ಲಿ ಈ ಕಾಟ ಕಮ್ಮಿ, ದಪ್ಪ ಇರುತ್ತಲ್ಲ.

ಕಪಾಟಿನ ಬಾಗಿಲಿಗೆ ಗಾಳಿಯಾಡೋ ಜಾಲರಿ ಇಡಿಸಿ. ಅಂಚಿಗೆ ಹಾಕೋ ಸಿಲಿಕೋನ್ ಬೂಸ್ಟು ತಡೆಯೋ ಜಾತಿದೇ ಕೇಳಿ ಹಾಕಿಸಿ, ಮಾಮೂಲಿದು ಒಂದೇ ಮಳೆಗಾಲಕ್ಕೆ ಕಪ್ಪಗಾಗುತ್ತೆ.

ತಾಮ್ರ_ಪ್ರೇಮಿ:
ತಾಮ್ರದ ಸಿಂಕಿನ ಬಗ್ಗೆ ಯಾರೂ ಬರೀಲಿಲ್ಲ? ತಾಮ್ರದ ಮೇಲೆ ಸೂಕ್ಷ್ಮಾಣು ಉಳಿಯಲ್ಲ, ನೋಡೋಕೂ ಚಂದ.

ಕಲ್ಲು_ಕೆಲಸ:
ಚಂದ ಹೌದು. ಆದ್ರೆ ಹುಳಿ ಬಿದ್ದಲ್ಲಿ ಬೆಳಗಿದ ಹಾಗೆ ಕೆಂಪಗೆ, ಉಪ್ಪು ನಿಂತಲ್ಲಿ ಹಸಿರಗೆ, ಉಳಿದ ಕಡೆ ಕಂದು, ಹೀಗೆ ದಿನಾ ಬಣ್ಣ ಬದಲಾಗುತ್ತೆ. ಅದನ್ನ ಇಷ್ಟಪಡೋರಿಗೆ ಸರಿ, ಲೋಹ ಮೆದು, ನಗ್ಗುತ್ತೆ. ಮುಸುರೆ ಪಾತ್ರೆ ರಾಶಿ ಬೀಳೋ ಸಿಂಕಿಗೆ ನಾನು ಹೇಳಲ್ಲ.

ಉಪ್ಪುಗಾಳಿ:
ಹಿತ್ತಲಲ್ಲಿ, ಬಿಸಿಲು ಬೀಳೋ ಕಡೆ ಪಾತ್ರೆ ತೊಳೆಯೋಕೆ ಎರಡನೇ ಸಿಂಕು ಹಾಕಿಸೋರಿದ್ರೆ ಅಲ್ಲಿಗೆ ಕಾಂಪೋಸಿಟ್ ಬೇಡ. ರೆಸಿನ್ ಇರೋದ್ರಿಂದ ಬಿಸಿಲಿಗೆ ಬಣ್ಣ ಮಾಸುತ್ತೆ. ಗ್ರಾನೈಟ್ ಇಲ್ಲಾ ಸ್ಟೀಲೇ ಸರಿ.

ಹೊಸ_ಅಡುಗೆಮನೆ:
ಮನೇಲಿ ಎಲ್ರೂ ಕೂತು ಓದಿದ್ವಿ. 304, 18 ಗೇಜ್, ಸ್ಯಾಟಿನ್ ಫಿನಿಶ್, ಒಂದೇ ದೊಡ್ಡ ಬೌಲ್, ತಳಕ್ಕೆ ಪ್ಯಾಡ್ ಇರೋದು ಅಂತ ತೀರ್ಮಾನ ಆಯ್ತು. ತಿಳಿ ಬೂದು ಕಾಂಪೋಸಿಟ್ ಬಗ್ಗೆನೂ ಮನಸಿತ್ತು, ಆದ್ರೆ ನಮ್ಮನೇಲಿ ಭಾರದ ಪಾತ್ರೆಗಳು ಜಾಸ್ತಿ, ಪದೇ ಪದೇ ಬಿದ್ದು ಅಂಚು ಸಿಡಿದ್ರೆ ಅಂತ ಅತ್ತೆಯವರಿಗೆ ಭಯ. ಆರ್‌ಓ ಪೈಪು ಕೆಳಗೇ ಸೇರಿಸೋಕೆ ಪ್ಲಂಬರಿಗೆ ಹೇಳಿದೀವಿ. ಕಲ್ಲಿನ ಕೆಳಗಿಂದ ಕೂರಿಸೋದಾ, ಮೇಲಿಂದ ಇಳಿಸೋದಾ ಅನ್ನೋದೊಂದು ಉಳಿದಿದೆ.

ಪೈಪು_ಫಿಟ್ಟಿಂಗ್:
ಕೆಳಗಿಂದ ಕೂರಿಸಿದ್ರೆ ಕಟ್ಟೆ ನೀರನ್ನ ನೇರ ಸಿಂಕಿಗೆ ತಳ್ಳಬಹುದು, ಮೇಲೆ ಅಂಚೇ ಇಲ್ಲದ್ದರಿಂದ ಸುಣ್ಣ ಕಟ್ಟೋಕೆ ಗೆರೆ ಇರಲ್ಲ, ಗಡಸು ನೀರಿಗೆ ಅದೇ ಅನುಕೂಲ. ಆದ್ರೆ ಪೂರಾ ಭಾರ ಅಂಟು, ಕ್ಲಿಪ್ಪಿನ ಮೇಲೆ ನಿಂತಿರುತ್ತೆ, ಬರೀ ಸಿಲಿಕೋನ್ ಹಾಕಿ ಬಿಟ್ಟುಹೋಗೋಕೆ ಬಿಡಬೇಡಿ, ಕೆಳಗೆ ಆಧಾರದ ಪಟ್ಟಿ ಕೊಡಿಸಿ. ಮುಂದೆ ಸಿಂಕು ಬದಲಿಸೋದು ಬಂದ್ರೆ ಮೇಲಿಂದ ಇಳಿಸಿದ್ದು ಸಲೀಸಾಗಿ ಎತ್ತಬಹುದು, ಕೆಳಗಿಂದ ಕೂರಿಸಿದ್ದಕ್ಕೆ ಕಪಾಟು ಬಿಚ್ಚಬೇಕು. ಕಟ್ಟೆ ಒಡೆಯೋ ಕೆಲಸ ಬೇಡ ಅಂತ ನೀವೇ ಬರೆದಿದೀರ, ಹಾಗಾದ್ರೆ ನಾನು ಮೇಲಿಂದ ಇಳಿಸಿ ಅಂತೀನಿ, ಅಂಚಿನ ಗೆರೆ ವಾರಕ್ಕೊಮ್ಮೆ ವಿನೆಗರ್ ಹಾಕಿ ಒರೆಸಿ.

ಇನ್ನೊಂದು, ಸಿಂಕಿನ ಜೊತೆ ಡಬ್ಬೀಲಿ ಬರೋ ವೇಸ್ಟ್ ಕಪ್ಲಿಂಗ್ (ತೂತಿಗೆ ಕೂರಿಸೋ ಜಾಲರಿ ಇರೋ ಭಾಗ) ಬಿಚ್ಚಿ ನೋಡಿ. ಸಿಂಕು 304 ಇದ್ರೂ ಎಷ್ಟೋ ಸಲ ಆ ಜಾಲರಿ, ನಡುವಿನ ಸ್ಕ್ರೂ ಕಮ್ಮಿ ಗ್ರೇಡಿಂದು ಇರುತ್ತೆ, ಮೊದಲು ತುಕ್ಕು ಹಿಡಿಯೋದು ಆ ಸ್ಕ್ರೂನೇ, ಅದರ ಕಂದು ನೀರು ಇಳಿದು ಸಿಂಕಿಗೂ ಕಲೆ ಹತ್ತುತ್ತೆ. ಕಪ್ಲಿಂಗ್ ಮಾತ್ರ 304ದು ಬೇರೆ ಕೇಳಿ ತಗೊಳ್ಳಿ, ಸಿಲಿಕೋನ್ ಹಾಕಿದ್ಮೇಲೆ 24 ಗಂಟೆ ನೀರು ಬಿಡಬೇಡಿ.